ರಕ್ತ ಕಪ್ಪಾಗಬೇಕು, ಗೋಡೆ ಕಾಣಬೇಕು: ಹೃದಯದ ಎಂಆರ್‌ಐನಲ್ಲಿ ಯಾವ ವಿಧಾನ, ಯಾವಾಗ?

ಪರೇಲ್ ಸ್ಟೇಷನ್ನಿನ ಸೇತುವೆ ಹತ್ತಿಳಿದು ಬಂದ ಪೇಷಂಟನ್ನು ನಾನು ತಕ್ಷಣ ಮಷಿನ್ನಿನೊಳಗೆ ಮಲಗಿಸುವುದಿಲ್ಲ. ಹತ್ತು ನಿಮಿಷ ಸುಮ್ನೆ ಕೂರಿಸುತ್ತೇನೆ. ನೀರು ಕೊಡುತ್ತೇನೆ. ಮುಂಬೈ ಲೋಕಲ್‌ನಲ್ಲಿ ನಿಂತು ಬಂದವರ ಎದೆಬಡಿತ ನಿಮಿಷಕ್ಕೆ 96 ಇದ್ದರೆ ಆಶ್ಚರ್ಯವೇನಿಲ್ಲ. ಕೂತ ಮೇಲೆ ಅದೇ 72ಕ್ಕೆ ಇಳಿಯುತ್ತದೆ. ಹೊಸದಾಗಿ ಸೇರಿದ ಹುಡುಗರು "ಸರ್, ಸ್ಲಾಟ್ ಹೋಗ್ತಿದೆ" ಅಂತ ಗಡಿಬಿಡಿ ಮಾಡುತ್ತಾರೆ. ಆ ಹತ್ತು ನಿಮಿಷ ಉಳಿಸಲು ಹೋಗಿ ಮುಂದೆ ಇಪ್ಪತ್ತು ನಿಮಿಷ ಕಳೆದವರು ಎಷ್ಟೋ ಜನ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೃದಯದ ಎಂಆರ್‌ಐ ಮಾಡುವ ಟೆಕ್ನಿಶಿಯನ್‌ಗಳು, ರೇಡಿಯಾಲಜಿ ಓದುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ರಕ್ತದ ಸಿಗ್ನಲ್ ಅಡಗಿಸಲು ಇಷ್ಟೊಂದು ವಿಧಾನ ಇವೆಯಲ್ಲ, ಯಾವುದನ್ನು ಆರಿಸಬೇಕು? ಇದಕ್ಕೆ ಕನ್ನಡದಲ್ಲಿ ಒಂದು ಉತ್ತರ ಇರಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ರಕ್ತವನ್ನು ಯಾಕೆ ಕಪ್ಪು ಮಾಡಬೇಕು? ಹೃದಯದ ಗೋಡೆ ತೆಳು. ಎಡ ಕುಹರದ ಗೋಡೆಯೇ ಒಂದು ಸೆಂಟಿಮೀಟರ್ ಆಸುಪಾಸು, ಬಲಗಡೆಯದ್ದು ಇನ್ನೂ ತೆಳ್ಳಗೆ. ಪಕ್ಕದಲ್ಲೇ ರಕ್ತ ಬೆಳ್ಳಗೆ ಹೊಳೆಯುತ್ತಿದ್ದರೆ ಗೋಡೆಯೊಳಗಿನ ಊತ, ಕೊಬ್ಬು, ಗೆಡ್ಡೆ ಕಣ್ಣಿಗೆ ಬೀಳುವುದಿಲ್ಲ. ಹರಿಯುವ ರಕ್ತ ಚಿತ್ರದ ಮೇಲೆ ಅಡ್ಡಡ್ಡ ನೆರಳನ್ನೂ ಎಳೆಯುತ್ತದೆ. ಹೃದಯ ಹೇಗೆ ಕುಗ್ಗುತ್ತದೆ, ಎಷ್ಟು ರಕ್ತ ಪಂಪ್ ಆಗುತ್ತದೆ ಅಂತ ನೋಡಲು ಮಾತ್ರ ಬಿಳಿ ರಕ್ತದ ಸಿನೆ ಚಿತ್ರವೇ (ಹೃದಯ ಬಡಿಯುವುದನ್ನು ತೋರಿಸುವ ಚಲಿಸುವ ಚಿತ್ರ) ಸರಿ. ಅಲ್ಲಿ ಕಪ್ಪು ಮಾಡುವ ಗೋಜಿಗೆ ಹೋಗಬೇಡಿ.

ಆರಿಸುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಪೇಷಂಟಿನ ರಕ್ತ ಓಡುತ್ತಿದೆಯಾ, ನಿಂತಿದೆಯಾ? ಕಾಂಟ್ರಾಸ್ಟ್ (ಸೂಜಿಯಲ್ಲಿ ಕೊಡುವ ಗ್ಯಾಡೋಲಿನಿಯಂ) ಕೊಟ್ಟಾಗಿದೆಯಾ, ಇಲ್ಲವಾ? ಮಿಕ್ಕಿದ್ದೆಲ್ಲ ಆಮೇಲೆ. ಹಳೆಯ ವಿಧಾನಗಳೆಲ್ಲ ರಕ್ತ ಓಡುತ್ತದೆ ಅಂತ ನಂಬಿಕೊಂಡೇ ಹುಟ್ಟಿದವು. ನಮ್ಮ ಹತ್ತಿರ ಬರುವುದೋ ರಕ್ತವನ್ನು ಸರಿಯಾಗಿ ದೂಡಲಾಗದ ಹೃದಯಗಳು. ತೊಂದರೆ ಇರುವುದೇ ಇಲ್ಲಿ.

ಕಂಡಕ್ಟರ್ ಕಾಕಾನ ಪಂಚ್

ಹೋದ ಮಳೆಗಾಲದಲ್ಲಿ ಒಬ್ಬರು ಬಂದಿದ್ದರು. ವಿಜಯಪುರ ಕಡೆಯವರು, ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಮುಖ ಅರಳಿತು. "ಏನ್ ಮಾಡ್ತೈತಿ ತಮ್ಮಾ ಈ ಮಷಿನ್ನು, ಇಷ್ಟ್ ಬಡಕೋತೈತಿ?" ಅಂದರು. ನಾನು ಅವರ ಭಾಷೆಯಲ್ಲೇ ಹೇಳಿದೆ. ಕಾಕಾ, ಒಂದು ಟಿಕೆಟ್‌ಗೆ ಎರಡು ಪಂಚ್ ಬೀಳಬೇಕು ಅಂತ ಇಟ್ಟುಕೊಳ್ಳಿ. ಮೊದಲ ಪಂಚ್ ಆದ ಮೇಲೆ ಪ್ಯಾಸೆಂಜರ್ ಇಳಿದು ಹೋದರೆ ಎರಡನೇ ಪಂಚ್ ಬೀಳಲ್ಲ. ಎರಡೂ ಬಿದ್ದವರು ಮಾತ್ರ ಲೆಕ್ಕಕ್ಕೆ.

ಸ್ಪಿನ್ ಎಕೋ ಅನ್ನುವ ಹಳೆಯ ವಿಧಾನ ನಡೆಯುವುದು ಹೀಗೇ. 90 ಡಿಗ್ರಿಯ ರೇಡಿಯೋ ಪಲ್ಸ್ ಮೊದಲ ಪಂಚ್, 180 ಡಿಗ್ರಿಯದ್ದು ಎರಡನೆಯದು. ಮಾಂಸಖಂಡ ಕೂತಲ್ಲೇ ಇರುತ್ತದೆ, ಎರಡೂ ತಿನ್ನುತ್ತದೆ, ಸಿಗ್ನಲ್ ಕೊಡುತ್ತದೆ. ರಕ್ತ ನಡುವೆ ಸ್ಲೈಸಿನಿಂದ (ನಾವು ಚಿತ್ರ ತೆಗೆಯುವ ತೆಳು ಪದರ) ಇಳಿದು ಹೋಗಿರುತ್ತದೆ, ಕಪ್ಪಾಗುತ್ತದೆ. ಲೆಕ್ಕವೂ ಸುಲಭ. ಎರಡು ಪಂಚ್‌ಗಳ ನಡುವಿನ ಸಮಯ ಟಿಇಯ (ಮೊದಲ ಪಂಚ್ ಬಿದ್ದಾಗಿನಿಂದ ಸಿಗ್ನಲ್ ಹಿಡಿಯುವವರೆಗಿನ ಸಮಯ) ಅರ್ಧ. 8 ಮಿಲಿಮೀಟರ್ ಸ್ಲೈಸ್, ಟಿಇ 80 ಮಿಲಿಸೆಕೆಂಡ್ ಇದ್ದರೆ, 40 ಮಿಲಿಸೆಕೆಂಡಿನಲ್ಲಿ ರಕ್ತ 8 ಮಿಲಿಮೀಟರ್ ದಾಟಬೇಕು. ಅಂದರೆ ಸೆಕೆಂಡಿಗೆ 20 ಸೆಂಟಿಮೀಟರ್. ಟಿಇ 20ಕ್ಕೆ ಇಳಿಸಿ ಟಿ1 ಚಿತ್ರ (ಟಿ1 ಅಂದರೆ ಸಿಗ್ನಲ್ ಸಹಜ ಸ್ಥಿತಿಗೆ ಮರಳಲು ಹಿಡಿಯುವ ಸಮಯದ ಅಳತೆ) ತೆಗೆದರೆ ಅದೇ ರಕ್ತ ಸೆಕೆಂಡಿಗೆ 80 ಸೆಂಟಿಮೀಟರ್ ಓಡಬೇಕು. ಹೃದಯ ಸಡಿಲವಾಗಿ ತುಂಬಿಕೊಳ್ಳುವ ಹೊತ್ತಿನಲ್ಲಿ ಅಷ್ಟು ವೇಗ ಎಲ್ಲಿಂದ ಬರಬೇಕು? ಹಾಗಾಗಿ ಬರೀ ಸ್ಪಿನ್ ಎಕೋ ನಂಬಿಕೊಂಡು ಹೃದಯದ ಟಿ1 ಚಿತ್ರ ತೆಗೆಯುವ ಕಾಲ ಮುಗಿಯಿತು.

ಸ್ಲೈಸಿನ ಮೇಲೆ ಕೆಳಗೆ ಸ್ಯಾಚುರೇಶನ್ ಪಟ್ಟಿ ಇಡುವ ಉಪಾಯವೂ ಇದೆ. ಕತ್ತಿನ ನಾಳದಲ್ಲಿ ರಕ್ತ ಬರುವ ದಿಕ್ಕು ಒಂದೇ, ಅಲ್ಲಿ ನಡೆಯುತ್ತದೆ. ಹೃದಯಕ್ಕೆ ನಾಲ್ಕೂ ಕಡೆಯಿಂದ ರಕ್ತ ನುಗ್ಗುತ್ತದೆ. ಅಲ್ಲಿ ಇದರ ಮೇಲೆ ನನಗೆ ಭರವಸೆ ಇಲ್ಲ.

ಡಬಲ್ ಇನ್ವರ್ಷನ್: ದಿನದ ಊಟ

1991ರಲ್ಲಿ ಎಡೆಲ್‌ಮನ್ ಮತ್ತು ಸಂಗಡಿಗರು ತೋರಿಸಿದ ಈ ವಿಧಾನವೇ ಇವತ್ತಿಗೂ ನಮ್ಮ ಅನ್ನ ಸಾರು. ಇಸಿಜಿಯಲ್ಲಿ ಆರ್ ಅಲೆ ಕಂಡ ಕೂಡಲೇ ಇಡೀ ಎದೆಯ ಸಿಗ್ನಲನ್ನು ತಲೆಕೆಳಗು ಮಾಡುತ್ತೇವೆ. ಮರುಕ್ಷಣವೇ ನಮಗೆ ಬೇಕಾದ ಸ್ಲೈಸನ್ನು ಮಾತ್ರ ಮತ್ತೆ ನೆಟ್ಟಗೆ ಮಾಡುತ್ತೇವೆ. ಸ್ಲೈಸಿನ ಮಾಂಸಖಂಡಕ್ಕೆ ಏನೂ ಆಗಿಲ್ಲ ಅನ್ನುವಂತೆ. ಹೊರಗಿನ ರಕ್ತ ಮಾತ್ರ ತಲೆಕೆಳಗೇ ಉಳಿದಿದೆ. ಅದು ನಿಧಾನವಾಗಿ ಸಹಜ ಸ್ಥಿತಿಗೆ ಮರಳುತ್ತಾ ಒಂದು ಕ್ಷಣ ಸೊನ್ನೆ ದಾಟುತ್ತದೆ. ಈ ನಡುವೆ ಹೃದಯ ಒಮ್ಮೆ ಕುಗ್ಗಿ ಸ್ಲೈಸಿನಲ್ಲಿದ್ದ ಹಳೆ ರಕ್ತವನ್ನು ದೂಡಿ, ಹೊರಗಿನದನ್ನು ಒಳಗೆ ಎಳೆದುಕೊಂಡಿದೆ. ಸೊನ್ನೆ ದಾಟುವ ಹೊತ್ತಿಗೆ ಚಿತ್ರ ತೆಗೆದರೆ ರಕ್ತ ಕಪ್ಪು.

ಆ ಕ್ಷಣವನ್ನು ಹಿಡಿಯುವ ಸಮಯವೇ ಟಿಐ. ಇಲ್ಲಿ ಪರೇಲ್ ಸೇತುವೆ ಮತ್ತೆ ಬರುತ್ತದೆ. 1.5 ಟೆಸ್ಲಾದಲ್ಲಿ (ಟೆಸ್ಲಾ ಅಂದರೆ ಮಷಿನ್ನಿನ ಅಯಸ್ಕಾಂತದ ಬಲದ ಅಳತೆ) ರಕ್ತದ ಟಿ1 ಸುಮಾರು 1200 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಎರಡು ಬಡಿತಕ್ಕೊಮ್ಮೆ ಚಿತ್ರ ತೆಗೆಯುತ್ತಿದ್ದೇವೆ. ಬಡಿತ 72 ಇದ್ದರೆ ಟಿಐ ಸುಮಾರು 565 ಮಿಲಿಸೆಕೆಂಡ್ ಬರುತ್ತದೆ. 96 ಇದ್ದರೆ ಸುಮಾರು 470. ಮಷಿನ್ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ, ಆದರೆ ನಾವು ಕೊಟ್ಟ ಬಡಿತದ ಮೇಲೆ. ಶುರುವಿನಲ್ಲಿ 96 ಅಂತ ಹಿಡಿದುಕೊಂಡು, ಪೇಷಂಟ್ ಮಲಗಿ ತಣ್ಣಗಾಗಿ 72ಕ್ಕೆ ಇಳಿದ ಮೇಲೂ ಅದೇ ಲೆಕ್ಕದಲ್ಲಿ ಓಡಿಸಿದರೆ ರಕ್ತ ಬೂದಿ ಬಣ್ಣದಲ್ಲಿ ಉಳಿಯುತ್ತದೆ. ಆಮೇಲೆ ಮಷಿನ್ ಸರಿ ಇಲ್ಲ ಅಂತ ಬೈಯುತ್ತಾ ಕೂರುವುದು.

ಇನ್ನೊಂದು ಎಡವಟ್ಟು, ನೆಟ್ಟಗೆ ಮಾಡುವ ಸ್ಲೈಸಿನ ದಪ್ಪ. ಚಿತ್ರದ ಸ್ಲೈಸ್‌ಗಿಂತ ಅದು ದಪ್ಪ ಇರಲೇಬೇಕು, ಯಾಕೆಂದರೆ ಹೃದಯ ಒಂದೇ ಕಡೆ ಇರುವುದಿಲ್ಲ. ತೆಳ್ಳಗಿಟ್ಟರೆ ಗೋಡೆಯೇ ಅರ್ಧ ಕಪ್ಪಾಗುತ್ತದೆ. ಜಾಸ್ತಿ ದಪ್ಪ ಇಟ್ಟರೆ ಸುತ್ತಲಿನ ರಕ್ತವೂ ನೆಟ್ಟಗಾಗಿ, ಬೆಳ್ಳಗೆ ಕಾಣುತ್ತದೆ. ಗೋಡೆಯ ಒಂದು ಭಾಗ ಕಾರಣವಿಲ್ಲದೆ ಮಾಯವಾದರೆ ನಾನು ಮೊದಲು ಈ ದಪ್ಪವನ್ನೇ ನೋಡುತ್ತೇನೆ.

ಹೃದಯವನ್ನು ಅಡ್ಡಕ್ಕೆ ಕೊಯ್ದಂತೆ ಕಾಣುವ ಶಾರ್ಟ್ ಆಕ್ಸಿಸ್‌ನಲ್ಲಿ ಡಬಲ್ ಇನ್ವರ್ಷನ್ ಚೆನ್ನಾಗಿ ಬರುತ್ತದೆ, ರಕ್ತ ಸ್ಲೈಸನ್ನು ಅಡ್ಡಕ್ಕೆ ಹಾಯುತ್ತದಲ್ಲ. ಉದ್ದಕ್ಕೆ ಕೊಯ್ದಂತೆ ಕಾಣುವ ಲಾಂಗ್ ಆಕ್ಸಿಸ್‌ನಲ್ಲಿ ರಕ್ತ ಸ್ಲೈಸಿನೊಳಗೇ ಸುತ್ತುತ್ತಿರುತ್ತದೆ, ಅಷ್ಟು ಚೊಕ್ಕವಾಗಿ ಕಪ್ಪಾಗುವುದಿಲ್ಲ. ಇದಕ್ಕೆ ಮದ್ದಿಲ್ಲ, ಒಪ್ಪಿಕೊಳ್ಳಬೇಕು ಅಷ್ಟೇ.

ಇದನ್ನು ಯಾವುದಕ್ಕೆ ಆರಿಸಬೇಕು? ಗೆಡ್ಡೆಯ ಗುಣ ನೋಡಲು, ಪೆರಿಕಾರ್ಡಿಯಂ, ಅಂದರೆ ಹೃದಯದ ಹೊರಚೀಲದ ದಪ್ಪ ಅಳೆಯಲು (4 ಮಿಲಿಮೀಟರ್ ದಾಟಿದರೆ ಅನುಮಾನ), ಮಹಾಪಧಮನಿಯ ಗೋಡೆ ನೋಡಲು. ಉಸಿರು ಹಿಡಿಯಲಾಗದವರಿಗೆ, ಬಡಿತ ತಾಳ ತಪ್ಪಿದವರಿಗೆ ಇದನ್ನೇ ಹೇಸ್ಟ್ ತರಹದ ಸಿಂಗಲ್ ಶಾಟ್‌ನಲ್ಲಿ ತೆಗೆಯಿರಿ. ಚಿತ್ರ ಸ್ವಲ್ಪ ಮಸುಕು, ಆದರೆ ಒಂದೇ ಬಡಿತಕ್ಕೆ ಒಂದು ಸ್ಲೈಸ್ ಮುಗಿಯುತ್ತದೆ. ಬಲ ಕುಹರದ ಗೋಡೆಯಲ್ಲಿ ಕೊಬ್ಬು ಹುಡುಕಿ ಅಂತ ಎಆರ್‌ವಿಸಿ (ಆ ಕುಹರದ ಮಾಂಸಖಂಡದ ಜಾಗದಲ್ಲಿ ಕೊಬ್ಬು, ನಾರು ತುಂಬುವ ಕಾಯಿಲೆ) ಪೇಷಂಟುಗಳನ್ನು ಇನ್ನೂ ಕೆಲವರು ಕಳಿಸುತ್ತಾರೆ. ಈ ಕಾಯಿಲೆ ಗುರುತಿಸುವ 2010ರ ಟಾಸ್ಕ್ ಫೋರ್ಸ್ ಮಾನದಂಡದಲ್ಲಿ ಎಂಆರ್‌ಐನ ಕೊಬ್ಬಿಗೆ ಜಾಗವೇ ಇಲ್ಲ. ಅಲ್ಲಿ ಕೇಳುವುದು ಗೋಡೆ ಹೇಗೆ ಅಲುಗುತ್ತದೆ, ಕುಹರ ಎಷ್ಟು ಹಿಗ್ಗಿದೆ ಅಂತ. ಅದಕ್ಕೆ ಸಿನೆ ಸಾಕು.

ಕಾಕಾನ ಬಿಳಿ ಅಂಚು

ಡಬಲ್ ಇನ್ವರ್ಷನ್‌ಗೆ ಕೊಬ್ಬನ್ನು ಅಡಗಿಸುವ ಇನ್ನೊಂದು ಇನ್ವರ್ಷನ್ ಸೇರಿಸಿದರೆ ಟ್ರಿಪಲ್ ಇನ್ವರ್ಷನ್. ನಮ್ಮ ಬಾಯಲ್ಲಿ ಸ್ಟಿರ್. ಹೃದಯಕ್ಕೆ ಇದನ್ನು 1996ರಲ್ಲಿ ತಂದವರು ಸಿಮೊನೆಟ್ಟಿ ಮತ್ತವರ ಗುಂಪು. ಮೂರನೆಯದರ ಟಿಐ 1.5 ಟೆಸ್ಲಾದಲ್ಲಿ 150ರಿಂದ 170 ಮಿಲಿಸೆಕೆಂಡ್ ಆಸುಪಾಸು. ರಕ್ತ ಕಪ್ಪು, ಕೊಬ್ಬು ಕಪ್ಪು, ಊತ ಮಾತ್ರ ಬಿಳಿ. ಕೇಳಲು ಎಷ್ಟು ಚೆಂದ ಅಲ್ವಾ?

ಕಾಕಾಗೆ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಈಗ ಎದೆನೋವು ಅಂತ ಹೊರಗಿನ ಒಂದು ಸೆಂಟರ್‌ನಲ್ಲಿ ಎಂಆರ್‌ಐ ಮಾಡಿಸಿದ್ದರು. ಹೃದಯದ ತುದಿಯಲ್ಲಿ ಹೊಸ ಊತ ಇದೆ ಅಂತ ರಿಪೋರ್ಟ್. ಮನೆಯವರು ಗಾಬರಿಯಾಗಿ ನಮ್ಮಲ್ಲಿಗೆ ಕರೆತಂದಿದ್ದರು. ನಾನೂ ಸ್ಟಿರ್ ತೆಗೆದೆ. ತುದಿಯಲ್ಲಿ, ಗೋಡೆಯ ಒಳಮೈಗೆ ಅಂಟಿಕೊಂಡು, ಉಗುರಿನ ಅಂಚಿನಷ್ಟು ತೆಳ್ಳನೆ ಬಿಳಿ ಪಟ್ಟಿ ಇದ್ದದ್ದು ನಿಜ. ನಮ್ಮ ಹುಡುಗನೂ "ಎಡಿಮಾ", ಅಂದರೆ ಊತ, ಅಂದುಬಿಟ್ಟ.

ಸಿನೆ ಹಾಕಿ ನೋಡು ಅಂದೆ. ಉಳಿದ ಗೋಡೆಯೆಲ್ಲ ಕುಗ್ಗುತ್ತಿದೆ, ತುದಿ ಮಾತ್ರ ಸತ್ತಂತೆ ಸುಮ್ಮನಿದೆ. ಅಲ್ಲಿನ ರಕ್ತಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲ. ಬಸ್ಸು ಡಿಪೋ ಸೇರಿದರೂ ಸೀಟು ಬಿಡದ ಪ್ಯಾಸೆಂಜರ್ ಇದ್ದಂತೆ. ಮಾಂಸಖಂಡದ ಜೊತೆಗೆ ಆ ರಕ್ತವೂ ನೆಟ್ಟಗಾಗಿ, ಎರಡೂ ಪಂಚ್ ತಿಂದು, ಊತದ ಹಾಗೆ ಹೊಳೆಯುತ್ತದೆ. ಟಿ2 ಮ್ಯಾಪ್ ತೆಗೆದೆವು, ಅಂದರೆ ಗೋಡೆಯ ಒಂದೊಂದು ಜಾಗದ ಟಿ2 ಅಳೆಯುವ ಚಿತ್ರ; ಊತ ಇದ್ದರೆ ಟಿ2 ಏರುತ್ತದೆ. ತುದಿಯ ಗೋಡೆಯ ಟಿ2, ಬೇರೆ ಕಡೆಯ ಗೋಡೆಯಷ್ಟೇ ಇತ್ತು. ಊತ ಗೀತ ಏನೂ ಇಲ್ಲ, ಹಳೆ ಗಾಯದ ಪಕ್ಕ ನಿಂತ ರಕ್ತ.

ಹೃದಯದ ಊತ ನೋಡಬೇಕು, ಟಿ2 ಮ್ಯಾಪಿಂಗ್ ನಿಮ್ಮ ಮಷಿನ್ನಿನಲ್ಲಿದೆ ಅಂದರೆ ಮೊದಲು ಅದನ್ನೇ ಆರಿಸಿ. ಅಲ್ಲಿ ರಕ್ತ ಬಿಳಿಯಾಗಿಯೇ ಇರುತ್ತದೆ, ಕಪ್ಪು ಮಾಡುವ ನಾಟಕ ಇಲ್ಲ. ಸಂಖ್ಯೆ ಸಿಗುತ್ತದೆ. 1.5 ಟೆಸ್ಲಾದಲ್ಲಿ ಆರೋಗ್ಯವಂತ ಗೋಡೆಯದ್ದು 50 ಮಿಲಿಸೆಕೆಂಡ್ ಸುತ್ತಮುತ್ತ, ಆದರೆ ನಿಮ್ಮ ಮಷಿನ್ನಿನ ಸಹಜ ಮಿತಿಯನ್ನು ನೀವೇ ಅಳೆದಿಟ್ಟುಕೊಳ್ಳಬೇಕು. ಗೆರೆ ಎಳೆಯುವಾಗ ಒಳ ಅಂಚನ್ನು ಸ್ವಲ್ಪ ಬಿಟ್ಟು ಎಳೆಯಿರಿ, ಇಲ್ಲದಿದ್ದರೆ ರಕ್ತದ ಟಿ2 ಒಳಗೆ ಸೇರಿ ಸಂಖ್ಯೆ ಏರುತ್ತದೆ. ಮಯೋಕಾರ್ಡೈಟಿಸ್‌ಗೆ (ಹೃದಯದ ಮಾಂಸಖಂಡದ ಉರಿಯೂತ) 2018ರಲ್ಲಿ ಪರಿಷ್ಕರಿಸಿದ ಲೇಕ್ ಲೂಯಿಸ್ ಮಾನದಂಡವೂ ಮ್ಯಾಪಿಂಗನ್ನು ಒಪ್ಪಿಕೊಂಡಿದೆ.

ಸ್ಟಿರ್ ಬಿಟ್ಟೇಬಿಡಿ ಅಂತಲ್ಲ. ಮ್ಯಾಪಿಂಗ್ ಇಲ್ಲದ ಹಳೆ ಮಷಿನ್ ಇದ್ದರೆ, ಪಂಪಿಂಗ್ ಚೆನ್ನಾಗಿರುವ ಚಿಕ್ಕ ವಯಸ್ಸಿನವರಲ್ಲಿ ಸ್ಟಿರ್ ಇವತ್ತಿಗೂ ಕೆಲಸ ಮಾಡುತ್ತದೆ. ಆದರೆ ಒಂದು ಸ್ಲೈಸಿಗೆ ಒಂದು ಸಲ ಉಸಿರು ಹಿಡಿಯಬೇಕು. ಇಡೀ ಕುಹರಕ್ಕೆ ಎಂಟೋ ಹತ್ತೋ ಸಲ. ಮಷಿನ್ನಿನ ರೆಕಾರ್ಡೆಡ್ ದನಿ ಹಿಂದಿಯಲ್ಲಿ "ಸಾಂಸ್ ರೋಕೋ" ಅನ್ನುತ್ತದೆ, ಊರಿಂದ ಮಗನ ಮನೆಗೆ ಬಂದ ಅಜ್ಜಿಗೆ ಅದು ತಲೆಗೆ ಹೋಗುವುದಿಲ್ಲ. ನಾನು ಮೈಕ್ ಹಿಡಿದು ನಾನೇ ಹೇಳುತ್ತೇನೆ. ಕಾಕಾಗೂ ಹಾಗೇ ಹೇಳಿದ್ದು: "ಉಸಿರು ತಗೋರಿ... ಬಿಡ್ರಿ... ಹಂಗ ನಿಲ್ಸ್ರಿ." ಬಿಟ್ಟ ಮೇಲೆ ನಿಲ್ಲಿಸಿದರೆ ಹೃದಯ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಕೂರುತ್ತದೆ.

ಕಾಂಟ್ರಾಸ್ಟ್ ಕೊಟ್ಟ ಮೇಲೆ ಆಟವೇ ಬೇರೆ

ಗ್ಯಾಡೋಲಿನಿಯಂ ರಕ್ತಕ್ಕೆ ಸೇರಿದ ಕೂಡಲೇ ರಕ್ತದ ಟಿ1 ಧಡಕ್ಕನೆ ಇಳಿಯುತ್ತದೆ, ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಡಬಲ್ ಇನ್ವರ್ಷನ್‌ನ ಟಿಐ ಲೆಕ್ಕ ಹೊಳೆಗೆ ಹೋಯಿತು. ಸ್ಟಿರ್ ಅಂತೂ ಇನ್ನೂ ಅಪಾಯ. ಕಾಂಟ್ರಾಸ್ಟ್ ಹೀರಿ ಟಿ1 ಕೊಬ್ಬಿನಷ್ಟೇ ಆದ ಜಾಗ ಕೊಬ್ಬಿನ ಜೊತೆಗೇ ಕಪ್ಪಾಗಿಬಿಡಬಹುದು, ಅಂದರೆ ನೋಡಬೇಕಾದದ್ದೇ ಮಾಯ. ಈ ಚಿತ್ರಗಳೆಲ್ಲ ಸೂಜಿ ಚುಚ್ಚುವ ಮೊದಲೇ ಮುಗಿಯಬೇಕು.

ಕಾಂಟ್ರಾಸ್ಟ್ ನಂತರವೂ ಗೋಡೆಯ ಟಿ1 ಚಿತ್ರ ಬೇಕೇ ಬೇಕು ಅಂದರೆ ಕ್ವಾಡ್ರುಪಲ್ ಇನ್ವರ್ಷನ್ ಇದೆ, 2002ರಲ್ಲಿ ಯಾರ್ನಿಖ್ ಮತ್ತು ಯುವಾನ್ ಕೊಟ್ಟದ್ದು. ಡಬಲ್ ಇನ್ವರ್ಷನ್‌ನ ಜೋಡಿ ಎರಡು ಸಲ. ಟಿ1 ಎಷ್ಟೇ ಇರಲಿ ರಕ್ತ ಸೊನ್ನೆಯ ಹತ್ತಿರವೇ ಇರುವಂತೆ ಎರಡು ಟಿಐಗಳನ್ನು ಹೊಂದಿಸುತ್ತಾರೆ. ಕತ್ತಿನ ನಾಳದ ಗೋಡೆಗೆ ಚೆನ್ನಾಗಿ ಒಗ್ಗಿದೆ. ಎಲ್ಲ ಮಷಿನ್ನಿನಲ್ಲೂ ಸಿಗುವುದಿಲ್ಲ.

ದಿನನಿತ್ಯ ಎದುರಾಗುವ ಪ್ರಶ್ನೆ ಎಲ್‌ಜಿಇಯದ್ದು. ಕಾಂಟ್ರಾಸ್ಟ್ ಕೊಟ್ಟು ಹತ್ತಿಪ್ಪತ್ತು ನಿಮಿಷ ಬಿಟ್ಟು ಗಾಯ ನೋಡುವ ಚಿತ್ರ. ಇಲ್ಲಿ ಸರಿಯಿರುವ ಮಾಂಸಖಂಡ ಕಪ್ಪು, ಗಾಯ ಬಿಳಿ, ರಕ್ತವೂ ಬಿಳಿ. ಗಾಯ ಒಳಮೈಯಲ್ಲಿ ತೆಳ್ಳಗಿದ್ದರೆ ರಕ್ತದ ಬಿಳಿಯಲ್ಲಿ ಹಾಲಿಗೆ ಬಿದ್ದ ಸುಣ್ಣದಂತೆ ಕಳೆದುಹೋಗುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಗಾಯ ಶುರುವಾಗುವುದೇ ಒಳಮೈಯಿಂದ. ಹಾಗಾಗಿ ಇದು ಸಣ್ಣ ತೊಂದರೆ ಅಲ್ಲ.

ಇಲ್ಲಿ ಸಿಕ್ಕ ಪರಿಹಾರಗಳು ನನಗೆ ಬಹಳ ಇಷ್ಟ, ಯಾಕೆಂದರೆ ಇವು ರಕ್ತದ ಓಟವನ್ನು ನಂಬಿಲ್ಲ. ಫಿಡಲ್ ಅಂತ ಒಂದಿದೆ. ಪಿಟೀಲಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ವರ್ಷನ್ ಜೊತೆ ಟಿ2 ಅಥವಾ ಮ್ಯಾಗ್ನೆಟೈಸೇಶನ್ ಟ್ರಾನ್ಸ್‌ಫರ್ ಅನ್ನುವ ತಯಾರಿ ಸೇರಿಸಿ, ರಕ್ತವನ್ನು ಮಾಂಸಖಂಡಕ್ಕಿಂತಲೂ ಕೆಳಗೆ ತಳ್ಳುತ್ತದೆ. ರಕ್ತ ನಿಂತಿರಲಿ, ಓಡಲಿ, ಕಪ್ಪೇ. ಇದಕ್ಕೆ ವಿಶೇಷ ಸೀಕ್ವೆನ್ಸ್ ಬೇಕು.

ಹೋಲ್‌ಟ್ಯಾಕರ್ಸ್ ಮತ್ತವರ ಗುಂಪು 2017ರಲ್ಲಿ ತೋರಿಸಿದ ಉಪಾಯಕ್ಕೆ ಖರ್ಚೇ ಇಲ್ಲ. ನಿಮ್ಮ ಮಷಿನ್ನಿನಲ್ಲಿ ಪಿಎಸ್‌ಐಆರ್ (ಸಿಗ್ನಲ್ ಸೊನ್ನೆಗಿಂತ ಮೇಲಿದೆಯೋ ಕೆಳಗಿದೆಯೋ ತೋರಿಸುವ ಫೇಸ್ ಸೆನ್ಸಿಟಿವ್ ವಿಧಾನ) ಇದ್ದರೆ ಸಾಕು. ಮಾಂಸಖಂಡ ಸೊನ್ನೆಯಾಗುವ ಟಿಐ ಬಿಟ್ಟು, ಎಡ ಕುಹರದ ರಕ್ತ ಸೊನ್ನೆಯಾಗುವ ಟಿಐ ಆರಿಸಿ. ರಕ್ತದ ಟಿ1 ಕಡಿಮೆ ಇರುವುದರಿಂದ ಇದು ಸ್ವಲ್ಪ ಮುಂಚೆಯೇ ಬರುತ್ತದೆ. ಬೇರೆ ಬೇರೆ ಟಿಐಯಲ್ಲಿ ತೆಗೆದ ಟಿಐ ಸ್ಕೌಟ್ ಚಿತ್ರಗಳನ್ನು ಒಂದೊಂದೇ ಸರಿಸುತ್ತಾ ಹೋದರೆ ರಕ್ತ ಕಪ್ಪಾಗುವ ಫ್ರೇಮ್ ಕಣ್ಣಿಗೆ ಬೀಳುತ್ತದೆ. ಆಗ ರಕ್ತವೂ ಕಪ್ಪು, ಗೋಡೆಯೂ ಕಪ್ಪು, ಗಾಯ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಎರಡು ಎಚ್ಚರಿಕೆ. ಫೇಸ್ ಸೆನ್ಸಿಟಿವ್ ಚಿತ್ರವನ್ನೇ ನೋಡಬೇಕು. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ ಸರಿಯಿರುವ ಗೋಡೆಯೂ ಬೆಳ್ಳಗಾಗಿ ದಾರಿ ತಪ್ಪಿಸುತ್ತದೆ. ಇನ್ನೊಂದು, ಗೋಡೆ ಎಲ್ಲಿ ಮುಗಿದು ರಕ್ತ ಎಲ್ಲಿ ಶುರು ಅಂತ ಗುರುತಿಸುವುದು ಕಷ್ಟ. ಅದಕ್ಕೇ ನಾನು ಮಾಮೂಲಿ ಎಲ್‌ಜಿಇಯನ್ನೂ ತೆಗೆಯುತ್ತೇನೆ, ಅನುಮಾನ ಇದ್ದ ಸ್ಲೈಸ್‌ಗಳಿಗೆ ಇದನ್ನು ಸೇರಿಸುತ್ತೇನೆ. ಕಾಕಾನ ಹಳೆ ಗಾಯ ತುದಿಯಲ್ಲಷ್ಟೇ ಅಲ್ಲ, ಪಕ್ಕದ ಗೋಡೆಯ ಒಳಮೈಗೂ ಹಬ್ಬಿದ್ದು ಕಂಡದ್ದು ಈ ಚಿತ್ರದಲ್ಲೇ.

ನಾಳದ ಗೋಡೆಗೆ

ಎಂಎಸ್‌ಡಿಇ ಮತ್ತು ಡಾಂಟೆ ಎರಡೂ ಚಲನೆಯನ್ನು ಹಿಡಿದು ಶಿಕ್ಷಿಸುವ ತಯಾರಿಗಳು. ಮೊದಲನೆಯದು ಗ್ರೇಡಿಯಂಟ್ ಹಾಕಿ ಅಲುಗಿದ್ದರ ಸಿಗ್ನಲನ್ನು ಚದುರಿಸುತ್ತದೆ. ಎರಡನೆಯದು ಸಣ್ಣ ಸಣ್ಣ ಪಲ್ಸ್‌ಗಳ ಸಾಲು, ನಿಂತದ್ದು ಮಾತ್ರ ಅದರ ತಾಳಕ್ಕೆ ಹೊಂದಿಕೊಂಡು ಉಳಿಯುತ್ತದೆ. ನಿಧಾನದ ರಕ್ತವನ್ನೂ ಡಬಲ್ ಇನ್ವರ್ಷನ್‌ಗಿಂತ ಚೆನ್ನಾಗಿ ಅಡಗಿಸುತ್ತವೆ, 3ಡಿಗೂ ಒಗ್ಗುತ್ತವೆ. ಆದರೆ ಹೃದಯದ ಗೋಡೆಯೂ ಅಲುಗುತ್ತದಲ್ಲ, ಅದರ ಸಿಗ್ನಲನ್ನೂ ತಿಂದುಹಾಕುತ್ತವೆ. ಆದ್ದರಿಂದ ಕತ್ತು, ಮಹಾಪಧಮನಿಗೆ ಹೌದು. ಹೃದಯಕ್ಕೆ ನಾನು ಹಾಕುವುದಿಲ್ಲ. ಸ್ಪೇಸ್, ಕ್ಯೂಬ್, ವಿಸ್ತಾ ಅಂತ ಕಂಪನಿಗೊಂದು ಹೆಸರಿನಲ್ಲಿ ಬರುವ 3ಡಿ ಟರ್ಬೊ ಸ್ಪಿನ್ ಎಕೋದಲ್ಲಿ ರಕ್ತ ತನ್ನಿಂತಾನೇ ಸಾಕಷ್ಟು ಕಪ್ಪಾಗುತ್ತದೆ. ಟಕಾಯಾಸು (ದೊಡ್ಡ ರಕ್ತನಾಳಗಳ ಗೋಡೆಯ ಉರಿಯೂತ) ಅನುಮಾನ ಇರುವ ಹುಡುಗಿಯರಿಗೆ ನನ್ನ ಆಯ್ಕೆ ಇದೇ. ಮಹಾಪಧಮನಿ ಸೀಳಿದಾಗ ಮಾತ್ರ ಹುಷಾರು. ಸುಳ್ಳು ದಾರಿಯಲ್ಲಿ ರಕ್ತ ತೆವಳುತ್ತಿರುತ್ತದೆ, ಬೆಳ್ಳಗೆ ಕಂಡು ಹೆಪ್ಪುಗಟ್ಟಿದೆ ಅನ್ನಿಸುತ್ತದೆ. ಬಿಳಿ ರಕ್ತದ ಚಿತ್ರ ಪಕ್ಕದಲ್ಲಿಟ್ಟೇ ಹೇಳಿ.

ಕಬ್ಬಿಣದ ಲೆಕ್ಕ

ಉಲ್ಲಾಸನಗರದ ಕಡೆಯಿಂದ ಥಲಸ್ಸೇಮಿಯಾ ಮಕ್ಕಳು ಬರುತ್ತಾರೆ. ದೇಶವಿಭಜನೆಯ ನಂತರ ಸಿಂಧಿಗಳು ನೆಲೆಸಿದ ಊರು ಅದು, ಅವರಲ್ಲಿ ಈ ಕಾಯಿಲೆ ಜಾಸ್ತಿ. ಪದೇ ಪದೇ ರಕ್ತ ಹಾಕಿಸಿಕೊಂಡು ಹೃದಯದಲ್ಲಿ ಕಬ್ಬಿಣ ಕೂರುತ್ತದೆ. ಅದನ್ನು ಅಳೆಯಲು ಟಿ2 ಸ್ಟಾರ್. 20 ಮಿಲಿಸೆಕೆಂಡ್‌ಗಿಂತ ಕೆಳಗಿಳಿದರೆ ಕಬ್ಬಿಣ ಕೂತಿದೆ, 10ಕ್ಕಿಂತ ಕೆಳಗಿದ್ದರೆ ಹೃದಯ ಸೋಲುವ ಅಪಾಯ ದೊಡ್ಡದು. ಇಲ್ಲಿ ಬಿಳಿ ರಕ್ತದ ವಿಧಾನವೂ ಇದೆ, ಡಬಲ್ ಇನ್ವರ್ಷನ್ ಸೇರಿಸಿದ ಕಪ್ಪು ರಕ್ತದ್ದೂ ಇದೆ. ಎರಡೂ ನಡೆಯುತ್ತವೆ. ನನ್ನ ಓಟು ಕಪ್ಪಿಗೆ. ನಡುಗೋಡೆಯ ಅಂಚು ಚೂಪಾಗಿ ಬರುತ್ತದೆ, ರಕ್ತದ ನೆರಳು ಬಂದು ಸಂಖ್ಯೆ ಕೆಡುವುದಿಲ್ಲ. ಈ ಮಕ್ಕಳಲ್ಲಿ ಪಂಪಿಂಗ್ ಇನ್ನೂ ಚೆನ್ನಾಗಿದ್ದರೆ ಡಬಲ್ ಇನ್ವರ್ಷನ್ ತನ್ನ ಕೆಲಸ ಸರಿಯಾಗಿ ಮಾಡುತ್ತದೆ. ಪಂಪಿಂಗ್ ಬಿದ್ದುಹೋಗಿದ್ದರೆ ಬಿಳಿಯದ್ದನ್ನೂ ತೆಗೆದು ಎರಡೂ ಸಂಖ್ಯೆ ತಾಳೆ ನೋಡುತ್ತೇನೆ. ಒಂದು ವರ್ಷ ಒಂದು, ಮರುವರ್ಷ ಇನ್ನೊಂದು ಅಂತ ಮಾತ್ರ ಮಾಡಬೇಡಿ. ಔಷಧಿಯ ಡೋಸ್ ಈ ಸಂಖ್ಯೆ ನೋಡಿಯೇ ಬದಲಾಗುತ್ತದೆ.

3 ಟೆಸ್ಲಾ ಮಷಿನ್ ಇರುವವರಿಗೆ ಒಂದು ಮಾತು. ಅಲ್ಲಿ ರಕ್ತದ ಟಿ1 ಸುಮಾರು 1650ಕ್ಕೆ ಏರುತ್ತದೆ. ಬಡಿತ 60 ಇದ್ದು ಎರಡು ಬಡಿತಕ್ಕೊಮ್ಮೆ ತೆಗೆದರೆ 1.5ರಲ್ಲಿ 625 ಇದ್ದ ಟಿಐ ಅಲ್ಲಿ 710 ದಾಟುತ್ತದೆ. ಹಳೆ ಮಷಿನ್ನಿನ ಪ್ರೊಟೊಕಾಲ್ ಹಾಗೇ ಕಾಪಿ ಮಾಡಿಕೊಂಡವರು ಕಪ್ಪು ರಕ್ತ ಬರ್ತಿಲ್ಲ ಅಂತ ರಾತ್ರಿ ಫೋನ್ ಮಾಡುತ್ತಾರೆ. ಮೊದಲು ಟಿಐ ನೋಡಿ, ಆಮೇಲೆ ಬಡಿತ ಎಷ್ಟು ಹಾಕಿದ್ದೀರಿ ನೋಡಿ. ಎರಡೂ ಸರಿಯಿದ್ದು ಇನ್ನೂ ಬೂದಿ ಬಣ್ಣ ಇದ್ದರೆ ಸಿನೆ ಹಾಕಿ, ಆ ಜಾಗದ ಗೋಡೆ ಅಲುಗುತ್ತಿದೆಯಾ ಅಂತ ನೋಡಿ.